ಚೆಂಡಿಗೆ ಹಾಕಿದ ಶಿಲುಬೆ ಗುರುತು

ಸ್ನೇಹಿತರೆ, ಮನೆಗೆ ಬಂದು ಚಹಾ ಕುಡಿದರೂ ಸಿಟ್ಟು ಇಳಿದಿಲ್ಲ. ಇವತ್ತು ಕುಮಟಾದಲ್ಲಿ ಥ್ರೋಬಾಲ್ ಫೈನಲ್. ಹೊನ್ನಾವರದಿಂದ ನಮ್ಮ ಚರ್ಚಿನ ಹೆಂಗಸರ ತಂಡ ಹೋಗಿತ್ತು. ಎದುರು ತಂಡಕ್ಕೆ ಗೆಲ್ಲಲು ಇನ್ನೊಂದೇ ಪಾಯಿಂಟ್ ಬೇಕಿತ್ತು. ಆಗ ಚೆಂಡು ಹಿಡಿಯುವಾಗ ನನ್ನ ಎದೆಗೆ ತಾಗಿತು. ಮೈಗೆ ತಾಗಿದರೆ ಫೌಲ್. ಅಂಪೈರ್ ನೋಡಲಿಲ್ಲ. ನಾನೇ ಕೈಯೆತ್ತಿ ಹೇಳಿದೆ. ಸೋತೆವು.

ನಮ್ಮ ಕ್ಯಾಪ್ಟನ್ ರೀಟಾಬಾಯಿ ಮೊದಲು ಕೊಂಕಣಿಯಲ್ಲಿ ಬೈದು ಮುಗಿಸಿದರು. ಆಮೇಲೆ ಎದುರು ತಂಡಕ್ಕೂ ತಿಳಿಯಲಿ ಎಂದು ಕನ್ನಡದಲ್ಲಿ ಶುರು ಮಾಡಿದರು.

"ನಿನ್ನ ಕೂಡೆ ಯಾರು ಕೇಳಿದ್ರು? ಎಂತಕ್ಕೆ ಹೇಳೂಕೆ ಹೋದೆ?"

"ಚೆಂಡು ತಾಗಿದ್ದು ಹೌದಲ್ಲ ರೀಟಾಬಾಯಿ."

"ಪಾಪನಿವೇದನೆ ಮಾಡೂದಾದ್ರೆ ಪಾದ್ರಿ ಹತ್ರ ಹೋಗು. ಇದೆಂತ ಚರ್ಚಾ? ಇದು ಗ್ರೌಂಡು."

ವಾಪಸು ಬರುವಾಗ ಟೆಂಪೋದಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ.

ಪಂದ್ಯಕ್ಕೆ ಮುಂಚೆ ಅದೇ ಚೆಂಡಿಗೆ ಶಿಲುಬೆ ಗುರುತು ಹಾಕಿ, ನಮ್ಮೆಲ್ಲರನ್ನೂ ಕಣ್ಣು ಮುಚ್ಚಿಸಿ, "ದೇವರೇ, ನಮ್ಮ ಜೊತೆ ಗ್ರೌಂಡಿಗೆ ಬಾ" ಎಂದು ಪ್ರಾರ್ಥಿಸಿದವರು ಇದೇ ರೀಟಾಬಾಯಿ. ಬಂದ ದೇವರೂ ಆಟ ಮುಗಿಯುವ ತನಕ ಕಣ್ಣು ಮುಚ್ಚಿಕೊಂಡೇ ನಿಲ್ಲಬೇಕಿತ್ತೇನೋ.