ಕಾವೇರಮ್ಮನ ಹದಿನೈದು ನಿಮಿಷ

ಶನಿವಾರ ಬಂತೆಂದರೆ ಹೊಳೆನರಸೀಪುರದ ಕಾವೇರಮ್ಮ ಎಂಟೂಕಾಲು ಗಂಟೆ ಬಸ್ಸು ಹಿಡಿದು ಹಾಸನಕ್ಕೆ ಹೋಗುತ್ತಿದ್ದಳು. ಯಾತಕ್ಕೆ ಅಂತೀರಿ? ಗಂಡ ಹೆಂಡಿರಿಗೆ ಒಬ್ಬರನ್ನೊಬ್ಬರು ಮುಟ್ಟುವುದನ್ನು ಹೇಗೆ ಹೇಳಿಕೊಡಬೇಕು ಅಂತ ನಾಲ್ಕು ಜನ ಹೆಂಗಸರಿಗೆ ಪಾಠ ಮಾಡಲಿಕ್ಕೆ. ನಗಬೇಡಿ, ಇಂಥದೊಂದು ವಿದ್ಯೆ ನಿಜವಾಗಿ ಇದೆ. ಮೂವತ್ತು ವರ್ಷ ನರ್ಸ್ ಕೆಲಸ ಮಾಡಿದ್ದ ಅವಳು ತೊಂಬತ್ತೇಳರಲ್ಲಿ ಬೆಂಗಳೂರಿನ ಒಬ್ಬ ಡಾಕ್ಟರಮ್ಮನ ಹತ್ತಿರ ಮೂರು ತಿಂಗಳು ಇದ್ದು ಕಲಿತು ಬಂದಿದ್ದಳು. ಮದುವೆಯಾಗಿ ವರ್ಷಗಳಾದರೂ ಹೆದರಿಕೊಂಡೋ ನಾಚಿಕೊಂಡೋ ಕೂಡಲಾಗದೆ ಒದ್ದಾಡುವ ಜೋಡಿಗಳಿಗೆ ಇದು ಔಷಧಿ. ಮೊದಲ ಎರಡು ವಾರ ಕೂಡುವ ಮಾತೇ ಇಲ್ಲ. ದಿನಕ್ಕೆ ಹದಿನೈದು ನಿಮಿಷ ಒಬ್ಬರ ಕೈ ಇನ್ನೊಬ್ಬರ ಕೈಯಲ್ಲಿ, ಅಷ್ಟೆ. ಆಮೇಲೆ ಬೆನ್ನು, ಆಮೇಲೆ ಮುಖ. ಏನನ್ನಿಸಿತು ಅಂತ ಬಾಯಿಬಿಟ್ಟು ಹೇಳಬೇಕು. ಹರಕೆ ಹೊತ್ತು, ತಾಯತ ಕಟ್ಟಿಸಿ ಸುಸ್ತಾಗಿದ್ದ ದುದ್ದದ ಕಡೆಯ ಒಂದು ಜೋಡಿಯ ಸಂಸಾರ ಇದರಿಂದಲೇ ನಿಂತಿತು.

ಶಿಷ್ಯೆಯರಿಗೆ ಅವಳದು ಒಂದೇ ಕಟ್ಟಪ್ಪಣೆ. “ಮೊದಲು ನಿಮ್ಮನಿಮ್ಮ ಮನೇಲಿ ಗಂಡನ ಜೊತೆ ಮಾಡಿ, ನೋಟ್‌ಬುಕ್ಕಲ್ಲಿ ಬರ್ಕೊಂಡು ಬನ್ನಿ. ತಾನು ರುಚಿ ನೋಡದ ಅಡುಗೇನ ಬೇರೆಯವರಿಗೆ ಬಡಿಸಬಾರದು.” ಮಾದರಿಗೆ ಅಂತ ತನ್ನ ನೋಟ್‌ಬುಕ್ಕನ್ನೇ ಓದುತ್ತಿದ್ದಳು: ‘ಅವರ ಅಂಗೈ ಬೆಚ್ಚಗಿತ್ತು. ಹೆಬ್ಬೆರಳಲ್ಲಿ ಸೀಮೆಸುಣ್ಣದ ಒರಟು. ಐದನೇ ನಿಮಿಷಕ್ಕೆ ನನಗೆ ಅಳು ಬಂತು. ಯಾಕೆ ಅಂತ ಅವರು ಕೇಳಿದರು.’ ನಾಲ್ವರೂ ಅಕ್ಷರ ಬಿಡದೆ ಇಳಿಸಿಕೊಳ್ಳುತ್ತಿದ್ದರು.

ಅಷ್ಟೂ ಸುಳ್ಳು! ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನು ಬಚ್ಚಲಿಗೆ ಬಿತ್ತಂತೆ, ಹಾಗಿತ್ತು ಅವಳ ಬಾಳು.

ಗಂಡ ಚನ್ನಕೇಶವಯ್ಯ ಹೈಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟ್ರು. ಅಪ್ಪ ತೀರಿಕೊಂಡು ದೇವಸ್ಥಾನದ ಪೂಜೆಯ ಸರದಿ ತನ್ನ ಪಾಲಿಗೆ ಬಂದದ್ದೇ ನೆಪ, ಮಡಿ ಹಿಡಿದ. ಎಲ್ಲರ ಮನೆಯ ಮಡಿ ಪೂಜೆ ಮುಗಿದು ಊಟ ಆಗುವ ತನಕ. ಈ ಮಹಾನುಭಾವನದು ಬೆಳಗಿನಿಂದ ಬೆಳಗಿನವರೆಗೆ. ಹೆಂಡತಿ ಮಜ್ಜಿಗೆ ಲೋಟವನ್ನು ನೆಲಕ್ಕಿಟ್ಟು ಹಿಂದೆ ಸರಿಯಬೇಕು, ಆಮೇಲೆ ಈತ ಎತ್ತಿಕೊಳ್ಳಬೇಕು. ಹೀಗೆ ಹನ್ನೊಂದು ವರ್ಷ. ಬೆಂಗಳೂರಿನಿಂದ ಬಂದ ದಿನ ಸಂಜೆ ಅವಳು ನಾಚಿಕೆ ಬಿಟ್ಟು ಕೇಳಿದಳು:

“ಏನೂಂದ್ರೆ, ಹದಿನೈದು ನಿಮಿಷ ನನ್ನ ಕೈ ಹಿಡ್ಕೊಂಡು ಕೂತ್ಕೋತೀರಾ? ಪಾಠಕ್ಕೆ ಬೇಕಿತ್ತು.”

“ಕಂಡಕಂಡವರ ಕೀವು ಬಳಿದ ಕೈ ಅದು,” ಅಂದ.

ಅವಳು ತಡೆಯಲಾರದೆ ಅವನ ಬೆರಳು ಹಿಡಿದೇಬಿಟ್ಟಳು. ಕೊಸರಿಕೊಂಡು ಎದ್ದವನು ಸೀದಾ ಬಾವಿಕಟ್ಟೆಗೆ ಹೋಗಿ ಮೂರು ಕೊಡ ನೀರು ತಲೆಗೆ ಸುರಿದುಕೊಂಡ. ಪಕ್ಕದ ಮನೆಯವರು, “ಏನು ಮೇಷ್ಟ್ರೆ, ಸಂಜೆ ಹೊತ್ತಲ್ಲಿ ಸ್ನಾನ?” ಅಂದದ್ದಕ್ಕೆ, “ಇವಳು ಮುಟ್ಟಿಬಿಟ್ಟಳು, ಮೈಲಿಗೆ ಆಯ್ತು” ಅಂತ ಕೂಗಿ ಹೇಳಿದ. ಆ ಕೈ ಅಷ್ಟು ವರ್ಷ ತಂದು ಹಾಕಿದ ಸಂಬಳಕ್ಕೆ ಮಾತ್ರ ಯಾವ ಮೈಲಿಗೆಯೂ ಇರಲಿಲ್ಲ, ಬಡ್ಡೀಮಗನಿಗೆ! ಅವತ್ತೇ ಅವಳು ನೋಟ್‌ಬುಕ್ಕಿನ ಮೊದಲ ಪುಟ ಬರೆದಳು. ಗಂಡ ತನ್ನನ್ನು ಮುಟ್ಟುವುದಿಲ್ಲ ಅಂತ ಶಿಷ್ಯೆಯರಿಗೆ ಗೊತ್ತಾದರೆ ಇನ್ನು ತನ್ನ ಪಾಠ ಯಾರು ಕೇಳುತ್ತಾರೆ ಅನ್ನುವ ಹೆದರಿಕೆ ಒಂದು ಕಡೆ. ಬರೆಯುವಾಗಲಾದರೂ ಆ ಕೈ ಸಿಗುತ್ತದಲ್ಲ ಅನ್ನುವ ಆಸೆ ಇನ್ನೊಂದು ಕಡೆ.

ಶಿಷ್ಯೆಯರಲ್ಲಿ ಒಬ್ಬಳು ಅರಕಲಗೂಡಿನ ಕಡೆಯ ಪಾಪಮ್ಮ, ಹಳ್ಳಿಗಳಲ್ಲಿ ಹೆರಿಗೆ, ಚುಚ್ಚುಮದ್ದು ನೋಡಿಕೊಳ್ಳುತ್ತಿದ್ದವಳು. ಅವಳಿಗೆ ಆ ನೋಟ್‌ಬುಕ್ಕೇ ವೇದ.

“ಸಿಸ್ಟರಮ್ಮ, ನಮ್ಮೆಜಮಾನ್ರು ಮೊದ್ಲು ‘ತಲೆ ಕೆಟ್ಟೈತೇನೇ’ ಅಂತ ನಕ್ಬುಟ್ರು. ನೀವು ಬರ್ದಿದ್ದ ಓದಿ ಯೋಳ್ದೆ. ಈಗ ಅವ್ರೇ ಕೈ ಚಾಚ್ತಾರೆ ಕಣಮ್ಮ,” ಅಂದಳು ಒಂದು ಶನಿವಾರ.

ಕಾವೇರಮ್ಮ ನಕ್ಕಳು. ತನ್ನ ಸುಳ್ಳು ಪಾಪಮ್ಮನ ಮನೆಯಲ್ಲಿ ನಿಜವಾಗಿತ್ತು, ತನ್ನ ಮನೆಯಲ್ಲಿ ಮಜ್ಜಿಗೆ ಲೋಟ ಇನ್ನೂ ನೆಲದ ಮೇಲೇ ಇತ್ತು.

ಎರಡು ಸಾವಿರದ ಮೂರರಲ್ಲಿ ಚನ್ನಕೇಶವಯ್ಯನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ಮೂವತ್ತು ವರ್ಷ ಯಾರ್ಯಾರ ಮೈಯನ್ನೋ ಒರೆಸಿದ್ದ ಕಾವೇರಮ್ಮ ಗಂಡನ ಮೈ ಒರೆಸಲಿಕ್ಕೆ ಬೋರಪ್ಪ ಅನ್ನುವ ಹಳೇ ವಾರ್ಡ್‌ಬಾಯ್‌ನನ್ನು ಇಟ್ಟಳು. ಗಂಜಿ ಲೋಟವನ್ನು ತಾನೇ ತಂದು, ಮಂಚದ ಪಕ್ಕ ನೆಲಕ್ಕಿಟ್ಟು, ಹಿಂದೆ ಸರಿಯುತ್ತಿದ್ದಳು. ಬೋರಪ್ಪ ಬಂದು ಕುಡಿಸುವ ತನಕ ಆತ ಅದನ್ನೇ ನೋಡುತ್ತಾ ಮಲಗಿರಬೇಕು. ಕೆಲವು ದಿನ ಬೋರಪ್ಪ ಬರುವುದು ತಡವಾಗುತ್ತಿತ್ತು.

ಸುದ್ದಿ ಕೇಳಿ ಪಾಪಮ್ಮ ಎಳನೀರು ಹಿಡಿದುಕೊಂಡು ನೋಡಲು ಬಂದಳು. ಮಂಚದ ಪಕ್ಕ ಕೂತು, ಚೀಲದಿಂದ ತಾನು ಇಳಿಸಿಕೊಂಡಿದ್ದ ನೋಟ್‌ಬುಕ್ ತೆಗೆದಳು.

“ಮೇಷ್ಟ್ರೆ, ನಿಮ್ಮಿಬ್ಬರದು ಇದು. ನಮ್ಮ ಕಡೆ ಎಷ್ಟು ಸಂಸಾರ ಉಳಿಸೈತೆ ಗೊತ್ತಾ?”

“ಬೇಡ ಪಾಪಮ್ಮ, ಬಿಡು,” ಅಂದಳು ಕಾವೇರಮ್ಮ.

“ಇರಿ ಸಿಸ್ಟರಮ್ಮ, ಕೇಳ್ಲಿ,” ಅಂತ ಅವಳು ಗಟ್ಟಿಯಾಗಿ ಓದತೊಡಗಿದಳು. ಅವರ ಅಂಗೈ ಬೆಚ್ಚಗಿತ್ತು. ಹೆಬ್ಬೆರಳಲ್ಲಿ ಸೀಮೆಸುಣ್ಣದ ಒರಟು. ಯಾಕೆ ಅಂತ ಅವರು ಕೇಳಿದರು. ಚನ್ನಕೇಶವಯ್ಯ ಕಣ್ಣು ಮಿಟುಕಿಸದೆ ಕೇಳಿದ. ತಾನು ಒಮ್ಮೆಯೂ ಕೊಡದ ಕೈಯನ್ನು ಇವಳು ಪುಟಗಟ್ಟಲೆ ಬರೆದುಕೊಂಡಿದ್ದಳು ಅಂತ ಅವನಿಗೆ ಆಗ ಗೊತ್ತಾಯಿತು. ಕಣ್ಣಲ್ಲಿ ನೀರು ಇಳಿಯಿತು. ಎಡಗೈ ಮೇಲೆದ್ದು ಹೆಂಡತಿಯ ಕಡೆ ಚಾಚಿಕೊಂಡಿತು.

“ಅಯ್ಯೋ ನೋಡಿ, ಕೈ ಕೇಳ್ತಾವ್ರೆ! ಇಡ್ಕಳಿ ಸಿಸ್ಟರಮ್ಮ!”

ಹದಿನೇಳು ವರ್ಷ ಕಾದಿದ್ದ ಕೈ. ಈಗಲೂ ಅವಳಿಗೆ ಅದು ಬೇಕಿತ್ತು, ಬೇಡ ಅಂದರೆ ಸುಳ್ಳಾದೀತು. ಅವಳು ಸ್ಟೂಲನ್ನು ಹಿಂದಕ್ಕೆ ಎಳೆದುಕೊಂಡು ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

“ಬೇಡಿ, ನಿಮಗೆ ಮೈಲಿಗೆ ಆಗತ್ತೆ,” ಅಂದಳು. “ಬಾವಿಕಟ್ಟೆಗೆ ಹೋಗಿ ನೀರು ಸುರ್ಕೊಳ್ಳೋಕೆ ಈಗ ನಿಮ್ಮ ಕೈಲಾಗಲ್ಲ.”

ಆಮೇಲೆ ಗೋಡೆ ಗಡಿಯಾರ ನೋಡುತ್ತಾ ಕೂತಳು. ನಾಲ್ಕು ನಿಮಿಷಕ್ಕೆ ಆ ಕೈ ಸೋತು ಮಂಚದಿಂದ ಕೆಳಗೆ ಜೋತುಬಿತ್ತು. ಬೋರಪ್ಪ ಬಂದು ಎತ್ತಿ ಮೇಲಿಟ್ಟ.

ಪಾಪಮ್ಮನಿಗೆ ಎಲ್ಲ ಅರ್ಥವಾಗಿತ್ತು. ನೋಟ್‌ಬುಕ್ಕನ್ನು ಅಲ್ಲೇ ಬಿಟ್ಟು, ಹೋಗಿಬರ್ತೀನಿ ಅಂತಲೂ ಹೇಳದೆ ಎದ್ದು ಹೋದಳು.

ಮುಂದಿನ ಶನಿವಾರ ಹಾಸನದಲ್ಲಿ ಮೂರೇ ಜನ ಶಿಷ್ಯೆಯರಿದ್ದರು. ಕಾವೇರಮ್ಮ ಕನ್ನಡಕ ಒರೆಸಿ ಹಾಕಿಕೊಂಡು ಅವರಿಗೆ ಅದೇ ಪುಟ ಓದಿದಳು.