ಜೀಪಿನ ಹುಡ್ ಹೊಲಿದ ಎಂಟು ದಿನ

ಪ್ರಭು, ಸಹನಾ,

ನಿಮ್ಮ ಅಜ್ಜನ ಜೀಪನ್ನು ಮತ್ತೆ ಓಡುವಂತೆ ಮಾಡಬೇಕೆಂದು ನೀವಿಬ್ಬರೂ ಹೊರಟಿದ್ದೀರಿ. ಕಳೆದ ಸಲ ಬಂದಾಗ ಅದರ ಬಟ್ಟೆಯ ಹುಡ್ ಮುಟ್ಟಿ, "ಇದನ್ನ ನಮ್ಮ ಅಜ್ಜಿ ಹೊಲದಾಳ" ಎಂದು ಗೆಳೆಯರಿಗೆ ತೋರಿಸಿದಿರಿ. ನಾನು ಅಲ್ಲೇ ನಿಂತಿದ್ದೆ, ಏನೂ ಅನ್ನಲಿಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದು ನನಗೆ ಮೊದಲಿನಿಂದಲೂ ಆಗದು. ಖಾನಾಪುರ ತಾಲೂಕಿನ ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದೇನೆ, ಬರೆಯಲು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅದು 1979. ನಾವು ಬೆಳಗಾವಿಯ ವಡಗಾವಿಯಲ್ಲಿ ಎರಡು ಖೋಲಿಯ ಮನೆಯಲ್ಲಿದ್ದೆವು. ನಿಮ್ಮ ಅಜ್ಜ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಾನು ಮನೆಯಲ್ಲೇ ಜಂಪರು, ಲಂಗ-ಪರಕಾರ ಹೊಲಿಯುತ್ತಿದ್ದೆ. ಹೊತ್ತು ಕಳೆಯಲು ಮಾಡಿದ್ದಲ್ಲ, ಅದೇ ನನ್ನ ಉದ್ಯೋಗ. ಓಣಿಯ ನಲವತ್ತು ಮನೆಗಳ ಹೆಂಗಸರ ಅಳತೆ ನನ್ನ ವಹಿಯಲ್ಲಿತ್ತು.

ಜನವರಿಯಲ್ಲಿ ಅವರು ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಜೀಪೊಂದನ್ನು ಹಿಡಿದು, ಎತ್ತುಗಳಿಗೆ ಕಟ್ಟಿ ಎಳೆಸಿಕೊಂಡು ಮನೆಗೆ ತಂದರು. ಬೇರೆ ಗಾಡಿಗಳನ್ನು ಹಿಂದಿನ ಎರಡು ಗಾಲಿಗಳೇ ನೂಕುತ್ತವೆ. ಇದರಲ್ಲಿ ಗೇರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಲಿವರ್ ಇತ್ತು. ಅದನ್ನು ಹಾಕಿದರೆ ಮುಂದಿನ ಗಾಲಿಗಳಿಗೂ ಶಕ್ತಿ ಹೋಗಿ, ನಾಲ್ಕೂ ಸೇರಿ ಗಾಡಿಯನ್ನು ಕೆಸರಿನಿಂದ ಎತ್ತುತ್ತಿದ್ದವು. ಅದಕ್ಕೆ ಫೋರ್ ವೀಲ್ ಡ್ರೈವ್ ಎನ್ನುತ್ತಾರೆ. ಮಳೆಗಾಲದಲ್ಲಿ ಬಸ್ಸು ಹೋಗದ ಖಾನಾಪುರದ ಕಾಡಿನ ಹಳ್ಳಿಗಳಿಗೆ ಜೀಪು ಓಡಿಸಬೇಕೆಂಬುದು ಅವರ ಆಸೆಯಾಗಿತ್ತು.

ಮೊದಲ ಪಾಳಿ ಮುಗಿಸಿ ಮೂರು ಗಂಟೆಗೆ ಬಂದರೆ ಊಟಕ್ಕೂ ಮೊದಲು ಜೀಪಿನ ಕೆಳಗೆ ಮಲಗುತ್ತಿದ್ದರು. ನಾಲ್ಕು ತಿಂಗಳಲ್ಲಿ ಇಂಜಿನ್ ಬಿಚ್ಚಿ ಕಟ್ಟಿದರು, ಗೇರ್ ಪೆಟ್ಟಿಗೆ ತೊಳೆದರು, ತುಕ್ಕು ಕೆರೆದು ಬಣ್ಣ ಹಚ್ಚಿದರು. ಅಷ್ಟು ನಿಧಾನವಾಗಿ, ಅಷ್ಟು ಪ್ರೀತಿಯಿಂದ ಅವರು ಏನನ್ನಾದರೂ ಒರೆಸಿದ್ದನ್ನು ನಾನು ಕಂಡಿರಲಿಲ್ಲ. ಆ ಜೀಪೇ ನನ್ನ ಮೊದಲ ಸವತಿ.

ಎರಡನೆಯವಳು ಜೈನಾಬಿ. ಅವಳ ಮಾವನಿಗೆ ಪೇಟೆಯಲ್ಲಿ ಗಾದಿ ಮತ್ತು ಹುಡ್ ಹೊಲಿಯುವ ಅಂಗಡಿಯಿತ್ತು. ಹುಡ್ ಎಂದರೆ ಜೀಪಿನ ಕಬ್ಬಿಣದ ಕಮಾನುಗಳ ಮೇಲೆ ಹೊದಿಸುವ ಕ್ಯಾನ್ವಾಸ್ ಮಾಡು. ಮಾವನಿಗೆ ಕಣ್ಣು ಮಂಜಾದ ಮೇಲೆ ಕೆಲಸವೆಲ್ಲ ಅವಳದೇ ಆಗಿತ್ತು. ನನಗಿಂತ ನಾಲ್ಕೈದು ವರ್ಷ ಹಿರಿಯಳು, ಆದರೂ ಗಿರಾಕಿಯ ಮನೆಯವಳೆಂದು ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಮೇ ತಿಂಗಳಲ್ಲಿ ಅಳತೆಗೆಂದು ಬಂದವಳು ಸೀದಾ ಜೀಪು ಹತ್ತಿ ಕುಳಿತಳು.

"ನಿಮ್ಮ ಜೀಪ್ ಬಾಳ ನಖರಾ ಮಾಡ್ತೈತಿ, ಮಿಸ್ತ್ರಿ. ಹೊಸಾ ಮದಿಮಗಳಂಗ ಪಡದಾ ಕೇಳ್ತೈತಿ."

ನಿಮ್ಮ ಅಜ್ಜ ಬಾಯಿತುಂಬ ನಕ್ಕರು. "ಜೈನಾಬಿ, ಆ ಬಾಜು ಸ್ವಲ್ಪ ಎಳದ ಹಿಡಿ," ಎಂದರು. ಅವಳ ಹೆಸರು ಎಷ್ಟು ಸಲೀಸಾಗಿ ಬಂತು. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷ ನಾನು ಬರೀ "ಏ" ಆಗಿದ್ದೆ.

"ಏ, ಚಹಾ ತಾ. ಜೈನಾಬಿಗಿ ಎರಡ ಚಮಚ ಸಕ್ರಿ ಹಾಕು."

ಬಾಗಿಲ ಮರೆಯಲ್ಲಿ ನಿಂತು ಲೋಟ ಚಾಚಿದೆ. ನನ್ನ ಚಹಾಕ್ಕೆ ಎಷ್ಟು ಸಕ್ಕರೆ ಎಂದು ಅವರಿಗೆ ಗೊತ್ತಿರಲಿಲ್ಲ. ಅವಳು ಪಾನಾ ಹಿಡಿದು ಕಮಾನಿನ ಬೋಲ್ಟು ಬಿಗಿಯುತ್ತಿದ್ದಳು. ನನಗೆ ಅದನ್ನು ಮುಟ್ಟಲೂ ಕೊಟ್ಟಿರಲಿಲ್ಲ.

ಊಟಕ್ಕೆ ಬಡಿಸುವಾಗ ಧೈರ್ಯ ಮಾಡಿ ಕೇಳಿದೆ. "ಹುಡ್ ನಾನ ಹೊಲಿತೇನ್ರಿ."

"ಅದೇನ ಜಂಪರ ಅಲ್ಲ," ಎಂದರು. "ಅಕಿ ಕೈಯಾಗಿನ ಕೆಲಸ, ಅಕಿಗೇ ಬಿಡು."

ನಾಲ್ಕು ದಿನದ ನಂತರ ಜೈನಾಬಿ ಹನ್ನೊಂದು ಗಜ ಹಸಿರು ಕ್ಯಾನ್ವಾಸ್ ತಂದು ನಮ್ಮ ಮನೆಯಲ್ಲಿಟ್ಟಳು. ಹುಬ್ಬಳ್ಳಿಯಲ್ಲಿ ತಂಗಿಯ ಮದುವೆ, ಎಂಟು ದಿನ ಬಿಟ್ಟು ಬಂದು ಕತ್ತರಿಸುತ್ತೇನೆಂದು ಹೇಳಿ ಹೋದಳು.

ಮರುದಿನ ಅವರು ಪಾಳಿಗೆ ಹೋದ ಕೂಡಲೇ ನಾನು ಆ ಬಟ್ಟೆ ಬಿಚ್ಚಿದೆ. ಹತ್ತಿಯ ಹೊಸ ಬಟ್ಟೆಯನ್ನು ನೀರಿಗೆ ಹಾಕದೆ ಕತ್ತರಿಸಬಾರದು, ಹೊಲಿದ ಮೇಲೆ ತೊಳೆದರೆ ಕುಗ್ಗುತ್ತದೆ. ಜಂಪರು ಹೊಲಿಯುವವರು ಮೊದಲ ದಿನ ಕಲಿಯುವ ಪಾಠ ಇದು. ಕ್ಯಾನ್ವಾಸ್ ಹಲಗೆಯಂತೆ ಬಿರುಸಾಗಿತ್ತು, ಎಂಥದೋ ಎಣ್ಣೆಯ ವಾಸನೆ ಬೇರೆ. ಹಂಡೆಯಲ್ಲಿ ನೀರು ಕಾಯಿಸಿ, ಎರಡು ಹಿಡಿ ಸೋಡಾ ಹಾಕಿ, ಅದರಲ್ಲಿ ಮುಳುಗಿಸಿದೆ. ನೀರಿನ ಮೇಲೆ ಬಿಳಿ ಜಿಡ್ಡು ತೇಲಿತು. ಗಂಜಿ ಬಿಟ್ಟಿತು ಎಂದುಕೊಂಡೆ. ಮೂರು ಸಲ ಕಲ್ಲಿಗೆ ಬಡಿದು ಒಗೆದಾಗ ಬಟ್ಟೆ ಮೆತ್ತಗಾಯಿತು. ಜೈನಾಬಿಗೆ ಇಷ್ಟೂ ತಿಳಿಯಲಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಜೀಪಿನ ಜೊತೆ ಬಂದು ಮೂಲೆಯಲ್ಲಿ ಬಿದ್ದಿದ್ದ ಹರಿದ ಹಳೆಯ ಹುಡ್ಡಿನ ಹೊಲಿಗೆ ಬಿಚ್ಚಿ, ಅದನ್ನೇ ಅಚ್ಚಾಗಿ ಇಟ್ಟು ಕತ್ತರಿಸಿದೆ. ನನ್ನ ಕಾಲುಮಷೀನಿಗೆ ದಪ್ಪ ಸೂಜಿ ಹಾಕಿದೆ. ಏಳು ಸೂಜಿ ಮುರಿದವು. ಮಷೀನು ಒಪ್ಪದ ನಾಲ್ಕು ಪದರದ ಮೂಲೆಗಳನ್ನು ಕೈಯಿಂದ ಹೊಲಿದೆ, ಅಂಗೈಯಲ್ಲಿ ಬೊಬ್ಬೆ ಬಂತು. ಅವರು ಮನೆಗೆ ಬರುವ ಮೊದಲು ಎಲ್ಲವನ್ನೂ ಕಾಟಿನ ಕೆಳಗೆ ತಳ್ಳುತ್ತಿದ್ದೆ. ಎಂಟನೆಯ ದಿನ ಹುಡ್ಡನ್ನು ನಾನೇ ಕಮಾನಿಗೆ ಹೊದಿಸಿ ಕಟ್ಟಿದೆ.

ಅವರು ಸೈಕಲ್ಲಿನಿಂದ ಇಳಿದು ಜೀಪಿನ ಸುತ್ತ ಎರಡು ಸಲ ನಡೆದರು. ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಗಂಗಾ, ಇದನ್ನ ನೀನ ಹೊಲದಿ?"

ನನ್ನ ಹೆಸರು ಅವರ ಬಾಯಿಂದ ಬಂದದ್ದು ಅದೇ ಮೊದಲು.

ಮರುದಿನ ಜೈನಾಬಿ ಬಂದಳು. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ, ಆಗಲಿಲ್ಲ. "ಅಕ್ಕಾ, ಹೊಲಗಿ ಏನ್ ಛಂದ ಹಾಕೀರಿ. ನಮ್ಮ ಮಾವಾನೂ ಇಷ್ಟ ಸೀದಾ ಹಾಕಾಂಗಿಲ್ಲ," ಎಂದಳು. ಆಮೇಲೆ ಬಟ್ಟೆಯನ್ನು ಹಿಸುಕಿ ನೋಡಿ, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಬಟ್ಟಿ ನೀರಿಗಿ ಹಾಕಿದ್ರೇನು?"

ಅವರು ಅಲ್ಲೇ ನಿಂತಿದ್ದರು. "ಇಲ್ಲ," ಎಂದೆ.

"ಹಂಗಾರ ಚಲೋ ಆತು. ಹಾಕಿದ್ರ ಅದರಾಗಿನ ಮ್ಯಾಣಾ ಹೋಗಿಬಿಡ್ತದ, ಮಳಿ ತಡ್ಯಾಂಗಿಲ್ಲ. ಮತ್ತ ಮ್ಯಾಣಾ ಕುಡಸಬೇಕಾಗ್ತಿತ್ತು."

ನೀರಿನ ಮೇಲೆ ತೇಲಿದ ಬಿಳಿ ಜಿಡ್ಡು ಏನೆಂದು ನನಗೆ ಆಗ ತಿಳಿಯಿತು. ಇನ್ನೂ ಮೇ ತಿಂಗಳಿತ್ತು, ಬಿಸಿಲಿತ್ತು. ಹೌದು ಎಂದಿದ್ದರೆ ಒಂದು ದಿನದ ಕೆಲಸ. ಆದರೆ ನಿನ್ನೆ ಸಿಕ್ಕ ಹೆಸರು ಇವತ್ತು ಅವಳ ಎದುರಿಗೇ ಹೋಗಿಬಿಡುತ್ತದೆ ಎನಿಸಿತು. ಚಹಾ ಮಾಡುತ್ತೇನೆಂದು ಒಳಗೆ ಹೋದೆ.

ಜುಲೈಯಲ್ಲಿ ನನ್ನ ತಂಗಿ ಕಮಲವ್ವ ಖಾನಾಪುರದ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತಳು. ಅವಳ ಗಂಡನ ಊರು ಹಲಸಿಯಿಂದ ಮೂರು ಮೈಲು ಆಚೆ. ಮಳೆಗೆ ಬಸ್ಸು ಹಲಸಿಯಲ್ಲೇ ನಿಲ್ಲುತ್ತಿತ್ತು. "ನಮ್ಮ ಜೀಪಿನಾಗ ಬಾಗಲದ ತನಕಾ ಒಯ್ದ ಬಿಡ್ತೇನಿ," ಎಂದರು ನಿಮ್ಮ ಅಜ್ಜ. ಅದೇ ಜೀಪಿನ ಮೊದಲ ಸವಾರಿ, ಅಲ್ಲಿಯವರೆಗೆ ಅದು ತಗಡಿನ ಚಪ್ಪರದ ಕೆಳಗೇ ನಿಂತಿತ್ತು. ಹದಿಮೂರು ದಿನದ ಕೂಸಿನೊಂದಿಗೆ ತಂಗಿ, ನಾನು ಹಿಂದೆ ಕುಳಿತೆವು.

ನಂದಗಡ ದಾಟುವ ಹೊತ್ತಿಗೆ ಮಳೆ ಜೋರಾಯಿತು. ಮೊದಲು ಹುಡ್ಡಿನ ಬಣ್ಣ ಕಪ್ಪಾಯಿತು. ಆಮೇಲೆ ಒಳಗೆ ಹನಿ ಮೂಡಿದವು. ಹಲಸಿ ದಾಟಿದ ಮೇಲೆ ನೀರು ಇಡೀ ಮಾಡಿನಿಂದ ಇಳಿಯತೊಡಗಿತು.

"ಅಕ್ಕಾ, ಮ್ಯಾಲ ಏನ್ ಜರಡಿ ಕಟ್ಟೀಯೇನ?" ಎಂದಳು ಕಮಲವ್ವ. ಕೂಸಿನ ತುಟಿ ನೀಲಿಯಾದಾಗ ಅವಳ ದನಿಯೇ ಬದಲಾಯಿತು. "ಅಕ್ಕಾ, ಇದು ಅಳವಲ್ದು ನೋಡ."

ಕೂಸಿನ ಒದ್ದೆ ಬಟ್ಟೆ ಬಿಚ್ಚಿ ಜಂಪರಿನೊಳಗೆ ನನ್ನ ಎದೆಗೆ ಒತ್ತಿಕೊಂಡು, ಅದರ ಮೇಲೆ ಬಗ್ಗಿ ಕುಳಿತೆ. ಮುಂದೆ ಅವರು ಸಣ್ಣ ಲಿವರ್ ಹಾಕಿದ್ದರು, ಗಾಡಿ ಕೆಸರಿನಲ್ಲಿ ಆನೆಯಂತೆ ಏರುತ್ತಿತ್ತು. "ನೋಡ್ರಿ, ನಾಲ್ಕೂ ಗಾಲಿ ಹೆಂಗ ಎಳೀತಾವ!" ಎಂದು ಹಿಂದಿರುಗಿ ನೋಡಿದವರು ಗಾಡಿ ನಿಲ್ಲಿಸಿದರು. ಅಂಗಿ ಬಿಚ್ಚಿ ನನ್ನ ಬೆನ್ನ ಮೇಲೆ ಹಾಕಿದರು. ಮನೆ ಮುಟ್ಟಿ, ಒಲೆಯ ಮುಂದೆ ಕುಳಿತು ಬಹಳ ಹೊತ್ತಾದ ಮೇಲೆ ಕೂಸು ಅತ್ತಿತು. ಎರಡು ದಿನ ಕೆಮ್ಮಿ ಗುಣವಾಯಿತು. ಆ ಕೂಸೇ ನಿಮ್ಮ ಸುಮಾ ಮಾವಶಿ.

ಊರಿಗೆ ಮರಳಿದ ಮೇಲೆ ಭಾನುವಾರ ಅವರು ಜೈನಾಬಿಯನ್ನು ಕರೆಸಿದರು. "ನಿನ್ನ ಮಾಲ್ ನಂಬಿ ಬಾಣಂತಿನ ಕರಕೊಂಡ ಹೋಗಿದ್ನಿ. ಕೂಸ ಹೋಗೂದ ಒಂದ ಬಾಕಿ ಇತ್ತು."

ಅವಳು ಹುಡ್ಡಿನ ಅಂಚು ಮೂಸಿದಳು. ಮೊದಲಿದ್ದ ಎಣ್ಣೆಯ ವಾಸನೆ ಒಂದಿಷ್ಟೂ ಉಳಿದಿರಲಿಲ್ಲ. ಬಾಗಿಲಲ್ಲಿ ನಿಂತ ನನ್ನನ್ನು ಒಮ್ಮೆ ನೋಡಿದಳು. "ಮಾಲ್ ಖರಾಬ್ ಬಂದಿತ್ತು, ಮಿಸ್ತ್ರಿ. ನೋಡಿ ತರಬೇಕಿತ್ತು. ತಪ್ಪು ನಂದು."

ನಾನು ಆಗಲೂ ಬಾಯಿ ಬಿಡಲಿಲ್ಲ.

ಮರುದಿನ ಅವರು ಪಾಳಿಯಲ್ಲಿದ್ದಾಗ ಜೈನಾಬಿ ಮೇಣದ ಗಟ್ಟಿ, ಅಗಸೆ ಎಣ್ಣೆ, ಬ್ರಶ್ಶು ಹಿಡಿದು ಬಂದಳು. ಸಣ್ಣ ಉರಿಯಲ್ಲಿ ಮೇಣ ಕರಗಿಸಿ, ಕೆಳಗಿಳಿಸಿ ಎಣ್ಣೆ ಬೆರೆಸುವುದು, ಒಣಗಿದ ಬಟ್ಟೆಗೆ ಬಿಸಿಯಿರುವಾಗಲೇ ಹಚ್ಚಿ ಇಸ್ತ್ರಿ ಎಳೆದು ಕುಡಿಸುವುದು, ದಾರಕ್ಕೂ ಮೇಣ ತಿಕ್ಕಿ ಸೂಜಿಯ ತೂತು ಮುಚ್ಚುವುದು, ಎಲ್ಲ ಕಲಿಸಿದಳು. ನನ್ನ ಅಂಗೈಯ ಬೊಬ್ಬೆಯ ಕಲೆ ನೋಡಿ, ದಪ್ಪ ಸೂಜಿ ಒತ್ತುವಾಗ ಕಟ್ಟಿಕೊಳ್ಳುವ ತನ್ನ ಚರ್ಮದ ಅಂಗೈಪಟ್ಟಿ ಕೊಟ್ಟಳು.

"ಯಾಕ ಹಂಗ ಅಂದ್ರಿ ನಿನ್ನಿ?" ಎಂದು ಕೇಳಿದೆ.

"ನಿಮ್ದು ಮದಲನೇ ಹುಡ್. ಅದು ಬಿದ್ರ ಮಿಸ್ತ್ರಿ ಎರಡನೇದು ಕೊಡಾಂಗಿಲ್ಲ. ನಂದು ಎಷ್ಟೋ ಆಗ್ಯಾವ." ಬ್ರಶ್ಶು ನಿಲ್ಲಿಸಿದಳು. "ಆದ್ರ ನನ್ನ ಮುಂದ ಸುಳ್ಳ ಯಾಕ ಹೇಳಿದ್ರಿ?"

ನನ್ನ ಬಾಯಿಂದ ಬಂದದ್ದು ಇಷ್ಟೇ. "ನಿಮ್ಮ ಚಹಾಕ್ಕ ಎರಡ ಚಮಚ ಸಕ್ರಿ ಹಾಕಂತಿದ್ರು."

ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ನನಗ ಸಕ್ರಿನ ಸೇರಾಂಗಿಲ್ಲ, ಅಕ್ಕಾ. ಕೊಟ್ಟಾರ ಅಂತ ಕಣ್ಣ ಮುಚ್ಚಿ ನುಂಗತಿದ್ನಿ."

ಆ ಮಳೆಗಾಲದಲ್ಲಿ ಹುಡ್ ಮತ್ತೆ ಒಂದು ಹನಿಯೂ ಸೋರಲಿಲ್ಲ. "ಗಂಗಾ ಸರಿ ಮಾಡಿದ್ಲು," ಎಂದು ಅವರು ಖಾನಾಪುರದ ಜೀಪಿನವರಿಗೆಲ್ಲ ಹೇಳಿದರು. ಜೈನಾಬಿಯ ಮಾಲು ನಂಬಬೇಡಿ ಎಂದೂ ಹೇಳಿದರು. ಅವಳ ಗಿರಾಕಿಗಳು ಒಬ್ಬೊಬ್ಬರಾಗಿ ನನ್ನ ಬಾಗಿಲಿಗೆ ಬಂದರು. ಮೊದಲ ಮೂರು ನಾಲ್ಕು ಹುಡ್ ಬಂದಾಗ ನನಗೆ ಸಂತೋಷವಾಯಿತು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಖರೇ ಅದೇ. ಅವಳು ಕಲಿಸಿದ್ದನ್ನೇ ಅವಳ ಅಂಗೈಪಟ್ಟಿ ಕಟ್ಟಿಕೊಂಡು ಮಾಡುತ್ತ, ಅವಳಿಗಿಂತ ಮೇಲಾದೆ ಎಂದು ಬೀಗಿದೆ. ಒಂಬತ್ತು ವರ್ಷಗಳಲ್ಲಿ ನಲವತ್ತಮೂರು ಹುಡ್ ಹೊಲಿದೆ.

1983ರಲ್ಲಿ ಅಂಗಡಿ ಮುಚ್ಚಿ ಜೈನಾಬಿಯ ಮನೆಯವರು ಮಿರಜಿಗೆ ಹೊರಟರು. ಹೇಳಿ ಹೋಗಲು ಜೈನಾಬಿ ಬಂದಳು. ಸಕ್ಕರೆ ಹಾಕದ ಚಹಾ ಕೊಟ್ಟೆ. ಇವತ್ತಾದರೂ ನಿಮ್ಮ ಅಜ್ಜನ ಮುಂದೆ ಹೇಳಿಬಿಡಬೇಕೆಂದು ನಿಂತೆ. ಅವಳು ಲೋಟ ಕೆಳಗಿಟ್ಟು, "ಬರ್ತೀನಿ ಅಕ್ಕಾ. ಬಟ್ಟಿ ಒಗಿಬ್ಯಾಡ್ರಿ ಮತ್ತ," ಎಂದು ನಕ್ಕು ಹೋದಳು.

"ಏನಂದ್ಲ ಅಕಿ?" ಎಂದು ನಿಮ್ಮ ಅಜ್ಜ ಕೇಳಿದರು.

"ಏನಿಲ್ಲ," ಎಂದೆ.

ಅವಳು ಮತ್ತೆ ಸಿಗಲಿಲ್ಲ. ನಿಮ್ಮ ಅಜ್ಜ ಕೊನೆಯವರೆಗೂ ಅವಳ ಮಾಲು ಕೆಟ್ಟದ್ದೆಂದೇ ತಿಳಿದಿದ್ದರು.

ನನ್ನ ಕೆಲಸ ಕಲಿಸಿದ್ದು ಇಷ್ಟೇ. ಕೈಗೆ ಹೊಸ ಬಟ್ಟೆ ಬಂದರೆ ಅದನ್ನು ಬಲ್ಲವರನ್ನು ಕೇಳಬೇಕು. ಬಲ್ಲವರು ನಮಗೆ ಸೇರದವರಾಗಿದ್ದರೂ ಕೇಳಬೇಕು, ಅವರು ಕೇಳಿದ್ದಕ್ಕೆ ಇದ್ದದ್ದನ್ನು ಹೇಳಬೇಕು.

ಹುಡ್ಡಿಗೆ ಸೋಡಾ ಮುಟ್ಟಿಸಬೇಡಿ. ತಣ್ಣೀರಿನಲ್ಲಿ ಒರೆಸಿ, ಮೇಲೆ ಬರೆದಂತೆ ಮೇಣ ಕುಡಿಸಿ. ಮುಂದಿನ ಎಡಮೂಲೆಯ ಒಳಗೆ ಕೆಂಪು ದಾರದಲ್ಲಿ ನನ್ನ ಹೆಸರು ಹಾಕಿಕೊಂಡಿದ್ದೇನೆ. ಸಹನಾ, ಅದರ ಪಕ್ಕದಲ್ಲಿ ಜೈನಾಬಿ ಎಂದು ನೀನು ಹೊಲಿ. ನನಗೀಗ ಸೂಜಿಯ ಕಣ್ಣು ಕಾಣುವುದಿಲ್ಲ. ಚರ್ಮದ ಅಂಗೈಪಟ್ಟಿ ಜೀಪಿನ ಸೀಟಿನ ಕೆಳಗಿನ ಪಾನಾ ಪೆಟ್ಟಿಗೆಯಲ್ಲಿದೆ. ಈ ಹಾಳೆಗಳನ್ನೂ ಮೇಣದ ಬಟ್ಟೆಯಲ್ಲಿ ಸುತ್ತಿ ಅದರ ಜೊತೆಗೇ ಜೋಪಾನವಾಗಿಡಿ. ಹುಡ್ ಯಾರು ಹೊಲಿದದ್ದು ಎಂದು ಯಾರಾದರೂ ಕೇಳಿದರೆ ತೆಗೆದು ಓದಿ ಹೇಳಿ.