ಗೋಜಲು ಕಟ್ಟಿದ ಬಲೆ

ಹೊಳೆಯ ಈಚೆ ದಡದಲ್ಲಿ ಯಾವುದಾದರೂ ಕೆಲಸ ಅಚ್ಚುಕಟ್ಟಾಗಿದ್ದರೆ ಜನ "ಬಲೆಯಕ್ಕನ ಕೈ ಆಡಿದ ಹಾಗಿದೆ" ಎನ್ನುತ್ತಿದ್ದ ಕಾಲವೊಂದಿತ್ತು. ದರ್ಜಿಯ ಹೊಲಿಗೆ ನೇರವಾಗಿ ಬಂದರೂ ಅದೇ ಮಾತು, ಗಾರೆಯವನ ಇಟ್ಟಿಗೆ ಸಾಲು ಹಿಡಿದು ಕೂತರೂ ಅದೇ ಮಾತು. ಬಲೆಯಕ್ಕ ಅದನ್ನು ಕೇಳಿಸಿಕೊಂಡೂ ಕೇಳಿಸದವಳಂತೆ ಇರುತ್ತಿದ್ದಳು. ಒಳಗೊಳಗೆ ಮಾತ್ರ ಹಿಗ್ಗುತ್ತಿದ್ದಳು.

ಆ ಕೈಯನ್ನು ಪಳಗಿಸಿದವನು ಅವಳ ಅಪ್ಪ. ಹರಿದ ಮೀನುಬಲೆಗಳನ್ನು ಸರಿಪಡಿಸಿಕೊಡುವುದು ಅವನ ಕಸುಬು. ಮಗಳಿಗೆ ಬುದ್ಧಿ ತಿಳಿಯುವ ಹೊತ್ತಿಗೆಲ್ಲ ಮರದ ಸೂಜಿ ಅವಳ ಕೈಗೆ ಬಂದಿತ್ತು. ಅವಳು ಹೆಣೆದು ಮುಗಿಸಿದ ಮೇಲೆ ಅಪ್ಪ ಕಣ್ಣುಮುಚ್ಚಿ ಬಲೆಯ ಒಂದೊಂದು ಕಣ್ಣಿಗೂ ಬೆರಳು ತೂರಿಸಿ ನೋಡುವನು. ಎಲ್ಲಿ ಬೆರಳು ಸಡಿಲವಾಗಿ ಆಡಿತೋ ಅಲ್ಲಿಂದ ಪೂರ್ತಿ ಬಿಚ್ಚಬೇಕು. ಅತ್ತುಕೊಂಡೇ ಬಿಚ್ಚಿ, ಅತ್ತುಕೊಂಡೇ ಕಟ್ಟಿ, ಕೊನೆಗೊಂದು ದಿನ ಅಪ್ಪನ ಬೆರಳು ಬಲೆಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ತಡೆಯದೆ ಹೋಯಿತು. ಅವನು ತನ್ನ ಸೂಜಿಯನ್ನು ಅವಳ ಮಡಿಲಿಗೆ ಹಾಕಿ ಕೈತೊಳೆಯಲು ಎದ್ದುಹೋದ. ಅವಳ ಪಾಲಿಗೆ ಅದಕ್ಕಿಂತ ದೊಡ್ಡ ಪದವಿ ಇರಲಿಲ್ಲ.

ಮದುವೆಯಾದದ್ದು ಅಂಬಿಗನನ್ನು. ಎಂಜಿನ್ ಕೂರಿಸಿದ ದೊಡ್ಡ ದೋಣಿಯಲ್ಲಿ ಜನರನ್ನು ಹೊಳೆ ದಾಟಿಸುವುದು ಅವನ ಕೆಲಸ. ಅವನ ಬಾಯಿಂದ ಬರುವುದಕ್ಕಿಂತ ಹೆಚ್ಚು ಮಾತು ಅವನ ಎಂಜಿನ್ನಿನಿಂದ ಬರುತ್ತದೆ ಎಂದು ಊರವರು ತಮಾಷೆ ಮಾಡುತ್ತಿದ್ದರು. ಅವನ ತಂಗಿ ಇದಕ್ಕೆ ತದ್ವಿರುದ್ಧ. ಬಾಯಿ ಬಿಟ್ಟರೆ ಮುಚ್ಚುವವಳಲ್ಲ, ಕೆಲಸಕ್ಕೆ ಕೂತರೆ ಕೈ ಓಡುವುದಿಲ್ಲ. ದೋಣಿ ನಿಲ್ಲುವ ಕಡವಿನ ಪಕ್ಕದ ತಗಡಿನ ಷೆಡ್ಡಿನಲ್ಲಿ ಅತ್ತಿಗೆಯ ಜೊತೆ ಬಲೆ ಹೆಣೆಯಲು ಕೂರುತ್ತಿದ್ದಳು. ಅವಳು ಕಟ್ಟಿದ ಗಂಟುಗಳಲ್ಲಿ ಒಂದು ಬಿಗಿ, ಒಂದು ಸಡಿಲ, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಅದಕ್ಕೇ ಅವಳಿಗೆ ಗೋಜಲು ಎಂದು ಹೆಸರು ಬಿತ್ತು. ಕೊನೆಗೆ ಅವಳ ಗಂಡನೂ ಹಾಗೇ ಕರೆಯತೊಡಗಿದ.

ಸಂಜೆ ಗೋಜಲು ಮನೆಗೆ ಹೋದ ಮೇಲೆ ಬಲೆಯಕ್ಕ ಅವಳು ಕಟ್ಟಿದ್ದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಮೊದಮೊದಲು ಕದ್ದುಮುಚ್ಚಿ, ಆಮೇಲೆ ಮುಚ್ಚುಮರೆಯಿಲ್ಲದೆ. ಗೋಜಲಿಗೆ ಇದು ಗೊತ್ತಿರಲಿಲ್ಲ ಎಂದೇನಲ್ಲ. ಬೆಳಿಗ್ಗೆ ಬಂದು ಬಲೆಯನ್ನು ನೋಡಿ, "ನೋಡಿ ಅತ್ತಿಗೆ, ನನ್ನ ಕೈ ನಿನ್ನೆಗಿಂತ ಇವತ್ತು ಎಷ್ಟು ಸುಧಾರಿಸಿದೆ" ಎನ್ನುವಳು. ಇಬ್ಬರೂ ನಗುತ್ತಿದ್ದರು. ನಗುವಿನ ಅಡಿಯಲ್ಲಿ ಒಂದು ಸಣ್ಣ ಮುಳ್ಳು ಇದ್ದೇ ಇತ್ತು.

ಹೀಗೆ ವರ್ಷಗಳು ಹೊಳೆಯ ನೀರಿನ ಹಾಗೆ ಹೋಗುತ್ತಿರುವಾಗ ಒಂದು ಬೆಳಿಗ್ಗೆ ರೇಡಿಯೋ ಗಡಿ ಮುರಿದ ಸುದ್ದಿ ಹೇಳಿತು. ಪಕ್ಕದ ದೇಶದ ಸೈನ್ಯ ಒಳನುಗ್ಗಿತ್ತು. ಬಲೆಯಕ್ಕನ ಒಲೆಯ ಮೇಲೆ ಹಾಲಿತ್ತು. ಅದು ಉಕ್ಕಿ ಒಲೆ ಆರಿಹೋದರೂ ಅಡುಗೆಮನೆಯಲ್ಲಿ ನಿಂತಿದ್ದ ಗಂಡ ಹೆಂಡತಿ ಇಬ್ಬರಿಗೂ ಅದರ ಪರಿವೆಯಿರಲಿಲ್ಲ. ಅಂಬಿಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ಎಂಜಿನ್ನಿಗೆ ಎಣ್ಣೆ ಹಾಕಿ ಬರುತ್ತೇನೆ ಎಂದ. ಪ್ರತಿದಿನ ಹೇಳುವ ಮಾತೇ. ಅಂದು ಅದನ್ನು ಕೇಳಿ ಅವಳಿಗೆ ಅಳು ಬಂತು.

ಆ ಭಾಗದ ಮಂತ್ರಿಗಳು ಅದೇ ದಿನ ಊರು ಬಿಟ್ಟರು. ಹೊರದೇಶದಲ್ಲಿ ತುರ್ತು ಮಾತುಕತೆ ಇದೆಯೆಂದು ಹೇಳಿಕಳಿಸಿದರಂತೆ. ಕಾರಿನಲ್ಲಿ ಹೆಂಡತಿ, ಹಾಸಿಗೆ, ಸಾಕುನಾಯಿ ಎಲ್ಲ ಇದ್ದವು. ನಾಯಿಗೂ ಏನೋ ಮಾತಾಡುವುದಿರಬೇಕು ಎಂದಳು ಗೋಜಲು. ಅಂಥ ದಿನದಲ್ಲೂ ಬೀದಿಯವರು ನಕ್ಕರು.

ನಗರಸಭೆಯ ಅಧ್ಯಕ್ಷರೂ ಕಾಲಿಗೆ ಬುದ್ಧಿ ಹೇಳುತ್ತಾರೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಭಾಷಣದಲ್ಲಿ ಅವರದು ಎತ್ತಿದ ಕೈ. 'ಇನ್ನೆರಡೇ ಮಾತು' ಎಂದ ಮೇಲೂ ಜನ ಆಕಳಿಸಿ ಆಕಳಿಸಿ ದವಡೆ ನೋಯುವಷ್ಟು ಹೊತ್ತು ಮಾತಾಡುತ್ತಿದ್ದ ಮನುಷ್ಯ. ಅವರ ಹೆಸರೂ ಇನ್ನೆರಡುಮಾತು ಎಂದೇ ಆಗಿಹೋಗಿತ್ತು. ಅಂದು ಅವರು ಮೈಕ್ ಕಟ್ಟಿದ ವ್ಯಾನಿನಲ್ಲಿ ಬೀದಿಬೀದಿ ಸುತ್ತಿ ಹೇಳಿದ್ದು ಇಷ್ಟೇ: "ನಾನು ಇಲ್ಲೇ ಇದ್ದೀನಿ. ಶಾಲೆ ಹಾಲ್ ತೆರೆದಿದೆ. ಕೈಲಾದವರು ಬನ್ನಿ." ಜನ ಮುಂದಿನ ಮಾತಿಗಾಗಿ ಕಾದರು. ಮುಂದಿನ ಮಾತು ಬರಲಿಲ್ಲ. ವ್ಯಾನು ಮುಂದಿನ ಬೀದಿಗೆ ಹೋಯಿತು.

ಶತ್ರು ಬರದಿರಲಿ ಎಂದು ನಮ್ಮ ಸೈನ್ಯವೇ ಹೊಳೆಯ ಸೇತುವೆಯನ್ನು ಒಡೆದುಹಾಕಿತ್ತು. ಆಚೆ ದಡದ ಹಳ್ಳಿಗಳ ಜನ, ಗಾಯಾಳುಗಳು, ಹಸುಗೂಸು ಎತ್ತಿಕೊಂಡ ತಾಯಂದಿರು ಎಲ್ಲರಿಗೂ ಉಳಿದದ್ದು ಅಂಬಿಗನ ದೋಣಿಯೊಂದೇ. ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಅವನು ದೋಣಿ ಬಿಡುತ್ತಿದ್ದ. ಬೆಳಕಾದ ಮೇಲೆ ಶತ್ರುವಿನ ವಿಮಾನ ಹೊಳೆಯುದ್ದಕ್ಕೂ ಹುಡುಕಿಕೊಂಡು ಬರುತ್ತಿತ್ತು. ಹೊಳೆಯ ಕೆಳಗಿನ ತಿರುವಿನಲ್ಲಿ ಕಟ್ಟಿಹಾಕಿದ್ದ ಮರಳು ಸಾಗಿಸುವ ದೋಣಿಗಳನ್ನು ಅದು ಮೊದಲ ವಾರದಲ್ಲೇ ಸುಟ್ಟಿತ್ತು. ಆದ್ದರಿಂದ ಹಗಲೆಲ್ಲ ದೋಣಿಯನ್ನು ದಡದ ಪೊದೆಗಳ ಮಗ್ಗುಲಲ್ಲಿ ನಿಲ್ಲಿಸಿ ಮೇಲೆ ಮರೆಬಲೆ ಹೊದಿಸಬೇಕಿತ್ತು. ಅಂಬಿಗ ದೋಣಿ ಬಿಟ್ಟು ಮನೆಗೆ ಬರುತ್ತಿರಲಿಲ್ಲ. ಹಳೆಯ ಎಂಜಿನ್ನು, ಬಿಡುವಿದ್ದಾಗಲೆಲ್ಲ ಬಿಚ್ಚಿ ಒರೆಸಬೇಕು. ಬಲೆಯಡಿಯಲ್ಲೇ ಊಟ, ಅಲ್ಲೇ ನಿದ್ದೆ.

ಮರೆಬಲೆ ಎಂದರೆ ಮೇಲಿನಿಂದ ಪೊದೆಯಂತೆ ಕಾಣಲೆಂದು ಹಗ್ಗದ ಬಲೆಯ ಕಣ್ಣುಗಳಿಗೆ ಬಟ್ಟೆಯ ಚಿಂದಿಗಳನ್ನು ಕಟ್ಟಿದ್ದು. ಸೈನ್ಯಕ್ಕೂ ಅವೇ ಬೇಕಾಗಿದ್ದರಿಂದ ಶಾಲೆಯ ಹಾಲಿನಲ್ಲಿ ಇಡೀ ಊರು ಅದಕ್ಕೇ ಕೂತಿತ್ತು. ಕಿಟಕಿಯ ಪರದೆ, ಹಳೆಯ ಕೋಟು, ಸತ್ತುಹೋದ ಗಂಡನ ಅಂಗಿ, ಮದುವೆಯಲ್ಲಿ ಉಟ್ಟಿದ್ದು, ಮನೆಮನೆಯಿಂದ ಬಟ್ಟೆ ಬಂತು. ಅಧ್ಯಕ್ಷರು ಸಭಾಭವನದ ವೇದಿಕೆಯ ಹಸಿರು ಮಖಮಲ್ಲಿನ ಪರದೆಯನ್ನು ಹೆಗಲ ಮೇಲೆ ಹೊತ್ತು ತಂದರು. ಅವರ ಭಾಷಣಗಳನ್ನೆಲ್ಲ ಬೆನ್ನ ಹಿಂದೆ ನಿಂತು ಕೇಳಿದ ಪರದೆ ಅದು. ಕತ್ತರಿ ಹಿಡಿದಿದ್ದ ಗೋಜಲು ಕೇಳಿಯೇಬಿಟ್ಟಳು, "ಸ್ವಾಮಿ, ಇದನ್ನ ಕತ್ತರಿಸಿದ್ರೆ ಇನ್ಮೇಲೆ ಭಾಷಣ ಹೇಗೆ?"

"ಅದಕ್ಕೇ ತಾಯಿ ಕೊಡ್ತಿರೋದು. ಕತ್ತರಿಸಿ," ಎಂದರು ಅವರು.

ಹಾಲಿನ ಯಜಮಾನಿಕೆ ತಾನಾಗಿಯೇ ಬಲೆಯಕ್ಕನದಾಗಿತ್ತು. ಗೋಜಲಿನ ಗಂಟು ಕಂಡಕಂಡಲ್ಲಿ ಬಿಚ್ಚಿದಳು. ಒಂದು ದಿನ ಎಲ್ಲರೆದುರು, "ನೀನು ಬಟ್ಟೆ ಕತ್ತರಿಸ್ತಾ ಇರು, ಕಟ್ಟೋದು ಬೇಡ" ಎಂದಳು. ಹಿಂದೆ ಆಗಿದ್ದರೆ ಗೋಜಲು ಏನಾದರೂ ಚಟಾಕಿ ಹಾರಿಸುತ್ತಿದ್ದಳು. ಅಂದು ಸುಮ್ಮನೆ ಕತ್ತರಿ ಎತ್ತಿಕೊಂಡು ಮೂಲೆಗೆ ಹೋದಳು.

ದೋಣಿಯ ಬಲೆಯನ್ನಂತೂ ಬಲೆಯಕ್ಕ ಯಾರ ಕೈಗೂ ಕೊಡಲಿಲ್ಲ. ತನ್ನ ಗಂಡನ ತಲೆಯ ಮೇಲೆ ಇರುವ ಬಲೆ ಅದು. ಷೆಡ್ಡಿನಲ್ಲಿ ಒಬ್ಬಳೇ ಕೂತು, ಊಟ ಮರೆತು, ಜನ್ಮದಲ್ಲಿ ಕಟ್ಟದಷ್ಟು ಅಂದವಾಗಿ ಕಟ್ಟಿದಳು. ಒಂದು ಹಸಿರು, ಒಂದು ಕಂದು, ಒಂದು ಹಸಿರು, ಒಂದು ಕಂದು. ಎಲ್ಲ ಚಿಂದಿಯೂ ಒಂದೇ ಉದ್ದ. ಗಂಟುಗಳೆಲ್ಲ ಒಂದೇ ಕಡೆಗೆ ಮುಖ. ಅಪ್ಪ ಇದ್ದು ಕಣ್ಣುಮುಚ್ಚಿ ಬೆರಳಾಡಿಸಬೇಕಿತ್ತು ಎಂದುಕೊಂಡಳು. ಹೊದಿಸಿದಾಗ ಅಂಬಿಗ ಕೆಳಗಿನಿಂದ ನೋಡಿ, "ಮನೆಗಿಂತ ಚೆನ್ನಾಗಿದೆ ಕಣೇ" ಎಂದ. ಅವನ ಲೆಕ್ಕದಲ್ಲಿ ಅದು ದೊಡ್ಡ ಭಾಷಣ.

ಮಾರನೆಯ ದಿನ ಮೋಡ ಕವಿದು ವಿಮಾನ ಬರಲಿಲ್ಲ. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಟೀಚರ್ ಈಗ ಸೈನ್ಯದ ಸಮವಸ್ತ್ರ ತೊಟ್ಟು ಮರೆಬಲೆಗಳನ್ನು ನೋಡಿಕೊಳ್ಳುತ್ತಿದ್ದಳು. ಮಧ್ಯಾಹ್ನ ಅವಳು ಷೆಡ್ಡಿಗೆ ಬಂದು, "ಅಕ್ಕಾ, ಒಂದು ಸಲ ನನ್ನ ಜೊತೆ ನೀರಿನ ಟ್ಯಾಂಕ್ ಹತ್ತಿ" ಎಂದಳು. ಮೆಚ್ಚುಗೆಗೇ ಕರೆಯುತ್ತಿದ್ದಾಳೆ ಎಂದುಕೊಂಡು ಬಲೆಯಕ್ಕ ಮಂಡಿನೋವನ್ನೂ ಲೆಕ್ಕಿಸದೆ ಹತ್ತಿದಳು.

ಮೇಲಿನಿಂದ ತನ್ನ ಹೊಳೆಯನ್ನು ಅವಳು ಎಂದೂ ನೋಡಿರಲಿಲ್ಲ. ಪೊದೆಗಳು ಅಡ್ಡಾದಿಡ್ಡಿ, ಜೊಂಡು ಎತ್ತೆತ್ತಲೋ ಬಾಗಿದೆ, ಕೆಸರು ಒಂದು ಕಡೆ ಕಪ್ಪು, ಒಂದು ಕಡೆ ಬೂದಿ. ಆ ಎಲ್ಲ ಅವ್ಯವಸ್ಥೆಯ ನಡುವೆ ಒಂದು ಕಡೆ ಮಾತ್ರ ಯಾರೋ ನೀಟಾಗಿ ಜಮಖಾನ ಹಾಸಿದ್ದರು. ಯಾರು ಹಾಸಿದ್ದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಎಲ್ಲಿದೆ ಅಂತ ಹುಡುಕಬೇಕಾಗಿಲ್ಲ ಅಲ್ವಾ ಅಕ್ಕಾ," ಎಂದಳು ಟೀಚರ್ ಮೆಲ್ಲಗೆ. "ನಾಳೆ ಮೋಡ ಚದುರುತ್ತಂತೆ."

ಬಲೆಯಕ್ಕ ಸರಸರನೆ ಟ್ಯಾಂಕ್ ಇಳಿದಳು. ಗಂಡನನ್ನು ತಾನೇ ತೋರುಬೆರಳಿಟ್ಟು ತೋರಿಸಿಕೊಟ್ಟ ಹಾಗಾಗಿತ್ತು. ಮೋಡ ಇರುವಷ್ಟರಲ್ಲೇ ಆಗಬೇಕೆಂದು ಬಲೆಯನ್ನು ಇಳಿಸಿ ಷೆಡ್ಡಿಗೆ ತಂದು ಚಿಂದಿಗಳನ್ನು ಕಿತ್ತುಹಾಕಿದಳು. ಈ ಸಲ ಬೇಕೆಂದೇ ಕೆಟ್ಟದಾಗಿ ಕಟ್ಟಲು ಕೂತಳು. ಒಂದು ಗಿಡ್ಡ, ಎರಡು ಉದ್ದ. ಸ್ವಲ್ಪ ಹೊತ್ತಿನ ಮೇಲೆ ಟೀಚರ್ ನೋಡಿ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು. ಒಂದು ಗಿಡ್ಡ, ಎರಡು ಉದ್ದ, ಒಂದು ಗಿಡ್ಡ, ಎರಡು ಉದ್ದ, ಕೊನೆಯವರೆಗೂ ಹಾಗೇ. ತಪ್ಪನ್ನೂ ಅವಳು ಸಾಲಾಗಿ ಮಾಡಿದ್ದಳು. ಬಿಚ್ಚಿ ಮತ್ತೆ ಕಟ್ಟಿದಳು. ಕೈ ಮಾತು ಕೇಳಲಿಲ್ಲ. ಅಪ್ಪನ ಬೆರಳು ಇನ್ನೂ ಆ ಕಣ್ಣುಗಳಲ್ಲಿ ಆಡುತ್ತಿತ್ತು.

ಆಗ ಅವಳು ಎದ್ದು ಶಾಲೆಯ ಹಾಲಿಗೆ ಹೋದಳು. ಮೂಲೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ನಾದಿನಿಯ ಮುಂದೆ ನಿಂತಳು. ಊರವರೆಲ್ಲ ನೋಡುತ್ತಿದ್ದರು.

"ಬಾ. ದೋಣಿಯ ಬಲೆ ನೀನು ಕಟ್ಟಬೇಕು."

ಗೋಜಲು ತಲೆಯೆತ್ತಲಿಲ್ಲ. "ನನ್ನ ಕೈ ಕೆಟ್ಟದ್ದು ಅತ್ತಿಗೆ. ನೀವೇ ಹೇಳಿದ್ದು, ಇವರೆಲ್ಲ ಕೇಳಿದ್ದಾರೆ."

"ನನ್ನ ಕೈ ನಿಮ್ಮಣ್ಣನ್ನ ಕೊಲ್ಲುತ್ತೆ ಕಣೇ," ಎಂದಳು ಬಲೆಯಕ್ಕ. ಟ್ಯಾಂಕಿನ ಮೇಲಿನಿಂದ ಕಂಡದ್ದನ್ನು ಅಲ್ಲಿಯೇ, ಎಲ್ಲರೆದುರಿಗೇ ಹೇಳಿದಳು.

ಗೋಜಲು ಕತ್ತರಿ ಕೆಳಗಿಟ್ಟಳು. ಅತ್ತಿಗೆಯ ಹಿಂದೆ ನಡೆದಳು. ಷೆಡ್ಡಿನಲ್ಲಿ ಬಲೆಯ ಮುಂದೆ ಕಾಲು ಚಾಚಿ ಕೂತ ಮೇಲೆ, "ಒಂದು ಷರತ್ತು. ನೀವು ಕೈ ತೊಡೆ ಕೆಳಗೆ ಇಟ್ಕೊಂಡು ಕೂರಬೇಕು. ಮುಟ್ಟಿದ್ರೆ ಎದ್ದು ಹೋಗ್ತೀನಿ" ಎಂದಳು.

ಬಲೆಯಕ್ಕ ಹಾಗೇ ಕೂತಳು. ಗೋಜಲು ಮಂತ್ರಿಗಳ ನಾಯಿಯ ಕಥೆ ಹೇಳುತ್ತಾ, ನಡುವೆ ಮರೆತು ಎಲ್ಲೆಲ್ಲೋ ನೋಡುತ್ತಾ, ಮಖಮಲ್ಲಿನ ಚೂರಿನ ಪಕ್ಕ ಯಾರದೋ ಕೋಟಿನ ತೋಳನ್ನು ಇಡಿಯಾಗಿ ಸಿಕ್ಕಿಸಿ, ಒಂದು ಕಣ್ಣು ಬಿಟ್ಟು ನಾಲ್ಕು ಕಣ್ಣಿಗೆ ಒಂದೇ ಗಂಟು ಹಾಕಿ, ತಾನು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದಳು. ಪ್ರತಿ ಗಂಟಿಗೂ ಬಲೆಯಕ್ಕನ ಬೆರಳು ತೊಡೆಯಡಿಯಲ್ಲಿ ಚಡಪಡಿಸಿತು. ಹೊತ್ತು ಮುಳುಗುವ ಮೊದಲು ಬಲೆ ಮತ್ತೆ ದೋಣಿಯ ಮೇಲೆ ಬಂತು. ಟೀಚರ್ ಟ್ಯಾಂಕ್ ಹತ್ತಿ ಇಳಿದವಳು, ದೋಣಿ ಎಲ್ಲಿದೆ ಎಂದು ತನಗೇ ಗೊತ್ತಾಗಲಿಲ್ಲ ಎಂದಳು.

ಮರುದಿನ ಆಕಾಶ ತಿಳಿಯಾಗಿತ್ತು. ವಿಮಾನ ಬಂತು. ಅತ್ತಿಗೆ ನಾದಿನಿ ಷೆಡ್ಡಿನ ಗೋಡೆಗೆ ಒರಗಿ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ಅದು ಕಡವಿನ ಮೇಲೆ ಸುತ್ತು ಹಾಕಿತು. ಹೋದಂತೆ ಮಾಡಿ ಮತ್ತೆ ತಗ್ಗಿ ಬಂದಾಗ ತಗಡು ನಡುಗಿತು. ಬಲೆಯಕ್ಕನಿಗೆ ಉಸಿರಾಡಿದರೂ ಕೇಳಿಸೀತು ಎನಿಸಿತು. ಆಮೇಲೆ ಸದ್ದು ಸಣ್ಣದಾಗುತ್ತಾ ಹೋಯಿತು. ಬಹಳ ಹೊತ್ತಿನ ಮೇಲೆ ದಡದ ಕಡೆಯಿಂದ ಒಂದು ಕೆಮ್ಮು ಕೇಳಿಸಿತು, ಅಂಬಿಗನದು. ಗೋಜಲು ಅತ್ತಿಗೆಯ ಹೆಗಲ ಮೇಲೆ ತಲೆಯಿಟ್ಟು ಅಳತೊಡಗಿದಳು. ಬಲೆಯಕ್ಕ ಅವಳ ಒರಟು ಬೆರಳುಗಳನ್ನು ಒಂದೊಂದಾಗಿ ಸವರುತ್ತಾ ಕೂತಳು.

ಯುದ್ಧ ಮುಗಿದು ಹೊಸ ಸೇತುವೆ ಏಳುವವರೆಗೂ ಆ ದೋಣಿ ಓಡಿತು. ಬಲೆಗಳು ಮರಳಿ ಬಂದಾಗ ಜನ ತಮ್ಮತಮ್ಮ ಬಟ್ಟೆ ಹುಡುಕಿಕೊಂಡು ಬಂದರು. ಅಮ್ಮನ ಕೋಟಿನ ಚೂರು ಸಿಕ್ಕಿತೆಂದು ಒಬ್ಬರು ಅತ್ತರು, ತನ್ನ ಮದುವೆಯ ಬಟ್ಟೆ ದೋಣಿಯನ್ನು ಕಾದಷ್ಟು ಚೆನ್ನಾಗಿ ತನ್ನ ಮದುವೆಯನ್ನು ಕಾಯಲಿಲ್ಲ ಎಂದು ಇನ್ನೊಬ್ಬರು ನಕ್ಕರು. ಇನ್ನೆರಡುಮಾತು ಮುಂದಿನ ಚುನಾವಣೆಯಲ್ಲಿ ಗೆದ್ದು, ಹೊಸ ಪರದೆ ತೂಗುಹಾಕಿಸಿ, ಮತ್ತೆ ಹಿಂದಿನ ಹಾಗೆಯೇ ಉದ್ದುದ್ದ ಮಾತಾಡಿದರು. ಜನ ಖುಷಿಯಿಂದ ಆಕಳಿಸಿದರು. ಗೋಜಲು ಮಾತ್ರ ಸ್ವಲ್ಪ ಜಂಭದವಳಾದಳು. ಅತ್ತಿಗೆ ಏನಾದರೂ ತಿದ್ದಲು ಹೋದರೆ ಕಣ್ಣಲ್ಲೇ ಟ್ಯಾಂಕಿನ ಕಡೆ ತೋರಿಸುತ್ತಿದ್ದಳು.

ಈಗ ಅಂಬಿಗನಿಲ್ಲ. ಅವನು ಹೋದ ಕೆಲವೇ ವರ್ಷಗಳಲ್ಲಿ ಗೋಜಲೂ ಹೋದಳು. ಸೇತುವೆಯ ಮೇಲೆ ಬಸ್ಸುಗಳು ಹೋಗುತ್ತವೆ. ಷೆಡ್ಡು ಹಾಗೇ ಇದೆ, ಗೋಡೆಯ ಮೇಲೆ ಆ ಬಲೆಯೂ. ಹೋದ ತಿಂಗಳು ನಗರಸಭೆಯವರು ಅದನ್ನು ಸಭಾಭವನದಲ್ಲಿ ಗಾಜು ಹಾಕಿಸಿ ಇಡುತ್ತೇವೆಂದು ಕೇಳಲು ಬಂದಿದ್ದರು. ಬಂದವರಲ್ಲಿ ಒಬ್ಬ ಅಚ್ಚುಕಟ್ಟಿನ ಮನುಷ್ಯ, ಅಲ್ಲಲ್ಲಿ ಜೋತುಬಿದ್ದ ಗಂಟುಗಳನ್ನು ಸರಿಮಾಡಿಸಿಯೇ ಇಡೋಣ ಎಂದ.

"ಹಾಗಾದ್ರೆ ಕೊಡಲ್ಲಪ್ಪ," ಎಂದಳು ಅಜ್ಜಿಯಾಗಿರುವ ಬಲೆಯಕ್ಕ.

ಗಂಟು ಮುಟ್ಟುವುದಿಲ್ಲ ಎಂದು ಅವರು ಒಪ್ಪಿಕೊಂಡ ಮೇಲೆಯೇ ಹೂಂ ಅಂದಳು. ಅವರು ಒಯ್ಯಲು ಬರುವ ತನಕ ಬಲೆ ಅವಳದೇ. ಮಧ್ಯಾಹ್ನದ ಬಿಸಿಲು ಬಾಗಿಲಿನಿಂದ ಒಳಬರುವ ಹೊತ್ತಿಗೆ ಅದರ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಮಖಮಲ್ಲಿನ ಚೂರಿನ ಪಕ್ಕ ಆ ಕೋಟಿನ ತೋಳು ಇನ್ನೂ ಅರ್ಧ ಬಿಚ್ಚಿದಂತೆ ನೇತಾಡುತ್ತದೆ. ನೋಡನೋಡುತ್ತಲೇ ಅವಳ ಬೆರಳುಗಳು ಏಳುತ್ತವೆ. ಆಗ ಅವಳು ತಾನೇ ನಕ್ಕು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಾಳೆ.